ಬೇಕೆಂದೇ ಸೊಟ್ಟಗೆ: ಕೈಬರಹದಂಥ ಫಾಂಟುಗಳ ಒಳಗುಟ್ಟು

ಸ್ಲೈಡಿನಲ್ಲಿ ಕನ್ನಡದ ಒಂದು ಸಾಲು ಟೈಪ್ ಮಾಡಿ, ನಡುವೆ ಒಂದೆರಡು ಇಂಗ್ಲಿಷ್ ಪದ ಸೇರಿಸಿ, ಎಲ್ಲವನ್ನೂ ಆಯ್ದುಕೊಂಡು ಫಾಂಟ್ ಪಟ್ಟಿಯಲ್ಲಿ ಕಾಮಿಕ್ ಸಾನ್ಸ್ ಒತ್ತಿ ನೋಡಿ. ಇಂಗ್ಲಿಷ್ ಪದಗಳು ಕೂಡಲೇ ದುಂಡಗಾಗಿ, ತುಸು ವಾಲಾಡುತ್ತ, ಯಾರೋ ಸ್ಕೆಚ್ ಪೆನ್ನಿನಲ್ಲಿ ಬರೆದ ಹಾಗೆ ಕಾಣುತ್ತವೆ. ಕನ್ನಡ ಮಾತ್ರ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಸರ್ಕಾರಿ ಸುತ್ತೋಲೆಯ ಗತ್ತಿನಲ್ಲೇ ಕೂತಿರುತ್ತದೆ.

ಫಾಂಟ್ ಎಂಬುದು ಒಂದು ಕಡತ. ಅದರೊಳಗೆ ಯಾವ್ಯಾವ ಅಕ್ಷರಗಳನ್ನು ಬಿಡಿಸಿಟ್ಟಿದ್ದಾರೋ ಅಷ್ಟೇ ಅದರ ಬಂಡವಾಳ. ಕಾಮಿಕ್ ಸಾನ್ಸ್‌ನಲ್ಲಿ ಲ್ಯಾಟಿನ್ ಇದೆ, ಗ್ರೀಕ್ ಇದೆ, ರಷ್ಯನ್ ಬರೆಯುವ ಸಿರಿಲಿಕ್ ಇದೆ. ಕನ್ನಡದ ಒಂದಕ್ಷರವೂ ಇಲ್ಲ. ಇಲ್ಲದ್ದನ್ನು ಕೇಳಿದಾಗ ಕಂಪ್ಯೂಟರ್ ಖಾಲಿ ಜಾಗ ಬಿಡುವ ಬದಲು ಇನ್ನೊಂದು ಫಾಂಟಿನಿಂದ ಕಡ ತಂದು ತುಂಬುತ್ತದೆ. ವಿಂಡೋಸಿನಲ್ಲಿ ಹೀಗೆ ಕಡ ಕೊಡುವ ಕೆಲಸ ಹಿಂದೆ ತುಂಗಾ ಫಾಂಟಿನದಾಗಿತ್ತು, ಈಚೆಗೆ ನಿರ್ಮಲಾ ಯುಐ ಮಾಡುತ್ತಿದೆ. ಎರಡೂ ಒಳ್ಳೆಯ ಫಾಂಟುಗಳೇ, ಆದರೆ ಹರಟೆಗೆ ಕೂತವಲ್ಲ.

ಕೈಬರಹದ ಫಾಂಟ್ ಬೇಕೆಂದರೆ ಹಾಗಾದರೆ ಯಾರದೋ ಕೈಬರಹವನ್ನು ಸ್ಕ್ಯಾನ್ ಮಾಡಿ ಕಡತಕ್ಕೆ ತುಂಬಿದರೆ ಆಯಿತಲ್ಲ, ಎಂದು ಅನ್ನಿಸುವುದು ಸಹಜ. ಅಷ್ಟು ಸುಲಭವಿಲ್ಲ. ಅಸಡ್ಡಾಳವಾಗಿ ಕಾಣುವ ಅಕ್ಷರವನ್ನು ಮಾಡಲು ಶಿಸ್ತಿನ ಅಕ್ಷರಕ್ಕೆ ಬೇಕಾದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನ, ಲೆಕ್ಕಾಚಾರ ಬೇಕು. ಆ ಲೆಕ್ಕಾಚಾರ ಏನೆಂದು ತಿಳಿದರೆ ಇವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದೂ ತಾನಾಗಿ ಹೊಳೆಯುತ್ತದೆ.

ನಾಯಿ ಯಾವ ಅಕ್ಷರದಲ್ಲಿ ಮಾತಾಡುತ್ತದೆ?

ಕಾಮಿಕ್ ಸಾನ್ಸ್‌ನಷ್ಟು ಬೈಸಿಕೊಂಡ ಫಾಂಟ್ ಇನ್ನೊಂದಿರಲಾರದು. ಅದು ಹುಟ್ಟಿದ್ದು ಮಾತ್ರ ಬಹಳ ಸರಿಯಾದ ಒಂದು ತಕರಾರಿನಿಂದ.

1994ರಲ್ಲಿ ಮೈಕ್ರೋಸಾಫ್ಟ್ ಕಂಪನಿ 'ಬಾಬ್' ಎಂಬ ತಂತ್ರಾಂಶ ತಯಾರಿಸುತ್ತಿತ್ತು. ಕಂಪ್ಯೂಟರ್ ಕಂಡರೆ ಹಿಂಜರಿಯುವವರಿಗಾಗಿ ಪರದೆಯನ್ನೇ ಮನೆಯ ಕೋಣೆಯಂತೆ ಚಿತ್ರಿಸಿ, ರೋವರ್ ಎಂಬ ಕಾರ್ಟೂನ್ ನಾಯಿ ಮಾತಿನ ಗುಳ್ಳೆಗಳ ಮೂಲಕ ದಾರಿ ತೋರಿಸುವ ಏರ್ಪಾಟು ಅದರಲ್ಲಿತ್ತು. ಕಂಪನಿಯ ಅಕ್ಷರ ವಿನ್ಯಾಸಕರ ತಂಡದಲ್ಲಿದ್ದ ವಿನ್ಸೆಂಟ್ ಕೊನೇರ್ ಅದರ ಪರೀಕ್ಷಾ ಆವೃತ್ತಿಯನ್ನು ನೋಡಿದರು. ನಾಯಿಯ ಮಾತೆಲ್ಲ ಟೈಮ್ಸ್ ನ್ಯೂ ರೋಮನ್‌ನಲ್ಲಿತ್ತು. ಲಂಡನ್ನಿನ ಟೈಮ್ಸ್ ಪತ್ರಿಕೆಗಾಗಿ 1930ರ ದಶಕದ ಆರಂಭದಲ್ಲಿ ರೂಪಿಸಿದ, ಸಂಪಾದಕೀಯಕ್ಕೆ ಹೇಳಿ ಮಾಡಿಸಿದ ಅಕ್ಷರ ಅದು. ನಾಯಿಗಳು ಟೈಮ್ಸ್ ನ್ಯೂ ರೋಮನ್‌ನಲ್ಲಿ ಮಾತಾಡುವುದಿಲ್ಲ ಎಂದು ತನಗೆ ಅನ್ನಿಸಿತೆಂದು ಕೊನೇರ್ ಆಮೇಲೆ ಅನೇಕ ಸಲ ಹೇಳಿಕೊಂಡಿದ್ದಾರೆ.

ಅವರು ಕಚೇರಿಯಲ್ಲಿದ್ದ ಅಮೆರಿಕನ್ ಕಾಮಿಕ್ಸ್ ಪುಸ್ತಕಗಳನ್ನು ತೆರೆದಿಟ್ಟುಕೊಂಡು, ಗುಳ್ಳೆಗಳಲ್ಲಿ ಕೈಯಿಂದ ಬರೆದ ಮಾತುಗಳನ್ನು ಗಮನಿಸಿ, ಅದೇ ಧಾಟಿಯಲ್ಲಿ ಅಕ್ಷರ ಬಿಡಿಸತೊಡಗಿದರು. ಸ್ವಾರಸ್ಯವೆಂದರೆ ಪೆನ್ನು ಕಾಗದ ಮುಟ್ಟಲೇ ಇಲ್ಲ. ಕೈಬರಹದಂತೆ ಕಾಣುವ ಆ ಫಾಂಟನ್ನು ಬಿಡಿಸಿದ್ದು ನೇರ ಕಂಪ್ಯೂಟರಿನಲ್ಲಿ, ಮೌಸ್ ಹಿಡಿದು. ಸರಿಯೆನಿಸುವ ತನಕ ಅಳಿಸಿ ಮತ್ತೆ ಎಳೆಯುವುದು, ಅಷ್ಟೇ ವಿಧಾನ. ಅಮೆರಿಕನ್ ಕಾಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲವೂ ದೊಡ್ಡಕ್ಷರವೇ ಇರುವುದರಿಂದ ಸಣ್ಣಕ್ಷರಗಳಿಗೆ ಅಲ್ಲಿ ಮಾದರಿ ಇರಲಿಲ್ಲ. ಅವನ್ನು ಕೊನೇರ್ ತಾವೇ ಕಲ್ಪಿಸಿಕೊಳ್ಳಬೇಕಾಯಿತು.

ಇಷ್ಟೆಲ್ಲ ಮಾಡಿದರೂ ರೋವರ್‌ಗೆ ಆ ಅಕ್ಷರ ದಕ್ಕಲಿಲ್ಲ. ಕಾಮಿಕ್ ಸಾನ್ಸ್‌ನ ಅಳತೆ ಟೈಮ್ಸ್‌ಗಿಂತ ದೊಡ್ಡದು. ಟೈಮ್ಸ್‌ನ ಅಳತೆಗೆ ಮೊದಲೇ ಕೂರಿಸಿಟ್ಟಿದ್ದ ಗುಳ್ಳೆಗಳಲ್ಲಿ ಮಾತು ಹಿಡಿಸಲಿಲ್ಲ. ಬಾಬ್ 1995ರಲ್ಲಿ ಟೈಮ್ಸ್‌ನಲ್ಲೇ ಹೊರಬಂದು ಬೇಗನೆ ಮಣ್ಣು ಮುಕ್ಕಿತು. ಫಾಂಟ್ ಮಾತ್ರ ಉಳಿದುಕೊಂಡಿತು. ಮಕ್ಕಳು ಅನಿಮೇಷನ್ ಮಾಡಲು ಬಳಸುತ್ತಿದ್ದ 3ಡಿ ಮೂವೀ ಮೇಕರ್ ಎಂಬ ತಂತ್ರಾಂಶದೊಳಗೆ ಹೊಕ್ಕಿತು. ಅಲ್ಲಿಂದ ವಿಂಡೋಸ್ 95ರ ಪ್ಲಸ್ ಪ್ಯಾಕಿಗೆ, ಆಮೇಲೆ ವಿಂಡೋಸ್‌ಗೇ ಬಂತು. ಹೀಗೆ ಒಂದು ಕಾರ್ಟೂನ್ ನಾಯಿಗೆಂದು ಹೊಲಿದ ಅಕ್ಷರ ಕೋಟ್ಯಂತರ ಮೇಜುಗಳ ಮೇಲೆ ಕೂತಿತು. ಮುಂದಿನ ರಗಳೆಗೆಲ್ಲ ಮೂಲ ಇಲ್ಲಿದೆ.

ಅಸಡ್ಡೆ ಕಾಣಿಸುವುದು ಹೇಗೆ?

ಟೈಮ್ಸ್ ನ್ಯೂ ರೋಮನ್‌ನ ಯಾವುದಾದರೂ ಅಕ್ಷರವನ್ನು ದೊಡ್ಡದು ಮಾಡಿ ನೋಡಿದರೆ ಗೆರೆ ಒಂದೆಡೆ ದಪ್ಪ, ಇನ್ನೊಂದೆಡೆ ಕೂದಲೆಳೆ. ತುದಿಗಳಲ್ಲಿ ಸೆರಿಫ್ ಎಂದು ಕರೆಯುವ ಪುಟ್ಟ ಪಾದಗಳು. ನಿಂತ ಗೆರೆ ಎಂದರೆ ತೂಗುಗುಂಡು ಬಿಟ್ಟ ಹಾಗೆ ನೆಟ್ಟಗೆ. ಕಾಮಿಕ್ ಸಾನ್ಸ್‌ನಲ್ಲಿ ಗೆರೆಯ ದಪ್ಪ ಹೆಚ್ಚುಕಮ್ಮಿ ಎಲ್ಲೆಡೆ ಒಂದೇ, ಏಕೆಂದರೆ ಸ್ಕೆಚ್ ಪೆನ್ ಯಾವ ದಿಕ್ಕಿಗೆ ಎಳೆದರೂ ಅಷ್ಟೇ ಮಸಿ ಬಿಡುತ್ತದೆ. ತುದಿಗಳು ದುಂಡು. ನೆಟ್ಟಗಿರಬೇಕಾದ ಗೆರೆಗಳು ಒಂದಿಷ್ಟು ವಾಲುತ್ತವೆ ಅಥವಾ ಬಾಗುತ್ತವೆ. ಸಣ್ಣ 'ಎ' ಪುಸ್ತಕದಲ್ಲಿರುವ ಕೊಕ್ಕೆಯ 'ಎ' ಅಲ್ಲ, ಶಾಲೆಯಲ್ಲಿ ಕೈಯಿಂದ ಬರೆಸುವ ಗೋಲಿ-ಕಡ್ಡಿಯ 'ಎ'.

ಇನ್ನೊಂದು ಸೂಕ್ಷ್ಮ ಗಮನಿಸಿ. ಸೆರಿಫ್ ಇಲ್ಲದ ಅನೇಕ ಮಾಮೂಲಿ ಫಾಂಟುಗಳಲ್ಲಿ ಸಣ್ಣ 'ಬಿ'ಯನ್ನು ಕನ್ನಡಿಯಲ್ಲಿ ಹಿಡಿದರೆ ಹೆಚ್ಚುಕಮ್ಮಿ 'ಡಿ' ಆಗುತ್ತದೆ, 'ಪಿ' ಹಿಡಿದರೆ 'ಕ್ಯೂ'. ಕಾಮಿಕ್ ಸಾನ್ಸ್‌ನಲ್ಲಿ ಈ ಜೋಡಿಗಳು ಒಂದಕ್ಕೊಂದು ಪೂರ್ತಿ ಪ್ರತಿಬಿಂಬಗಳಲ್ಲ. ದೊಡ್ಡ 'ಐ'ಗೆ ಮೇಲೆ ಕೆಳಗೆ ಅಡ್ಡಗೀಟು ಇರುವುದರಿಂದ ಅದನ್ನು ಸಣ್ಣ 'ಎಲ್' ಜೊತೆ ಕಲಸಿಕೊಳ್ಳುವ ಭಯವಿಲ್ಲ. ಬೇಜವಾಬ್ದಾರಿ ಎಂದು ಹೆಸರು ಕೆಡಿಸಿಕೊಂಡ ಫಾಂಟು ಈ ವಿಷಯದಲ್ಲಿ ಅನೇಕ ಸಭ್ಯ ಫಾಂಟುಗಳಿಗಿಂತ ಜವಾಬ್ದಾರಿಯಿಂದ ನಡೆದುಕೊಳ್ಳುತ್ತದೆ.

ಆ ಕಾಲದ ಪರದೆಗಳನ್ನೂ ನೆನಪಿಡಬೇಕು. ಆಗಿನ ಮಾನಿಟರುಗಳಲ್ಲಿ ಒಂದೊಂದು ಚುಕ್ಕೆಯೂ ಕಣ್ಣಿಗೆ ಕಾಣುವಷ್ಟು ದಪ್ಪ. ಅಕ್ಷರದ ಅಂಚನ್ನು ನಯಗೊಳಿಸುವ ತಂತ್ರ ಇನ್ನೂ ಎಲ್ಲ ಕಡೆ ಬಂದಿರಲಿಲ್ಲ. ಟೈಮ್ಸ್‌ನ ಕೂದಲೆಳೆ ಗೆರೆಗಳು ಅಲ್ಲಿ ಮುರಿದು ಬೀಳುತ್ತಿದ್ದವು, ಒಂದೇ ದಪ್ಪದ ಗೆರೆಗಳು ಬದುಕಿಕೊಳ್ಳುತ್ತಿದ್ದವು. ಜನ ಕಾಮಿಕ್ ಸಾನ್ಸ್ ಮೆಚ್ಚಿದ್ದಕ್ಕೆ ಅದರ ತಮಾಷೆ ಮುಖ ಎಷ್ಟು ಕಾರಣವೋ, ಕಣ್ಣಿಗೆ ಹಿತವಾಗಿದ್ದುದೂ ಅಷ್ಟೇ ಕಾರಣ ಎಂದು ನನ್ನ ಅಂದಾಜು.

ಅದರ ದೋಷಗಳು ಸುಳ್ಳಲ್ಲ. ಮುದ್ರಣದಲ್ಲಿ, ದೊಡ್ಡ ಗಾತ್ರದಲ್ಲಿ ನೋಡಿದರೆ ಅಕ್ಷರಗಳ ನಡುವಿನ ಅಂತರ ಒಂದು ಹದದಲ್ಲಿಲ್ಲ. ಒಂದು ಪುಟ ತುಂಬಾ ಹಾಕಿದರೆ ಕೆಲವೆಡೆ ಕಪ್ಪು ಗಂಟುಗಳು, ಕೆಲವೆಡೆ ಬಿಳಿ ತೂತುಗಳು ಕಾಣುತ್ತವೆ. ಕ್ರೇಗ್ ರೊಜಿನ್‌ಸ್ಕಿ 2014ರಲ್ಲಿ ಹೊರತಂದ ಕಾಮಿಕ್ ನ್ಯೂ ಎಂಬ ಉಚಿತ ಫಾಂಟ್ ಇಂಥ ದೋಷಗಳನ್ನು ತಿದ್ದುವ ಯತ್ನ. ತಿದ್ದಿದ ಮೇಲೆ ಅಂದವೇನೋ ಬಂತು, ಆದರೆ ಹಳೆಯದರ ಪೆದ್ದು ನಗು ಸ್ವಲ್ಪ ಮಾಯವಾಯಿತು.

ಎರಡು 'ಕ'ಗಳ ಸಮಸ್ಯೆ

'ಕನಕ' ಎಂಬ ಪದವನ್ನು ಕೈಯಲ್ಲಿ ಬರೆಯಿರಿ. ಮೊದಲ 'ಕ' ಮತ್ತು ಕೊನೆಯ 'ಕ' ಎಂದೂ ತದ್ರೂಪಾಗಿರುವುದಿಲ್ಲ. ಮೊದಲನೆಯದನ್ನು ಬರೆಯುವಾಗ ಕೈ ಆರಾಮಾಗಿರುತ್ತದೆ, ಕೊನೆಯದರಲ್ಲಿ ಮುಂದಿನ ಪದಕ್ಕೆ ಹಾರುವ ಅವಸರವಿರುತ್ತದೆ. ತಲೆಕಟ್ಟು ಒಂದರಲ್ಲಿ ಬಾಗಿದ್ದರೆ ಇನ್ನೊಂದರಲ್ಲಿ ಚೂಪು. ಫಾಂಟಿನೊಳಗೆ 'ಕ' ಇರುವುದು ಒಂದೇ. ಎರಡು ಕಡೆಯೂ ಅದೇ ವಾಲು, ಅದೇ ಬಾಗು. ಓದುಗನಿಗೆ ಏನು ತಪ್ಪಿದೆಯೆಂದು ಹೇಳಲು ಬರದಿದ್ದರೂ ಏನೋ ನಕಲಿ ಎಂದು ಕಣ್ಣಿಗೆ ಹೊಳೆದುಬಿಡುತ್ತದೆ.

ಕೈಬರಹದ ಫಾಂಟುಗಳ ಇತಿಹಾಸವೆಂದರೆ ಬಹುಮಟ್ಟಿಗೆ ಈ ಒಂದು ಸಮಸ್ಯೆಯ ಜೊತೆಗಿನ ಕುಸ್ತಿ. ಅಚ್ಚುಮೊಳೆಯ ಕಾಲದಲ್ಲೇ ಅದು ಶುರುವಾಯಿತು. ಫ್ರಾನ್ಸಿನ ರೋಜರ್ ಎಕ್ಸ್‌ಕೊಫೋನ್ ಮಾರ್ಸೇಯ ಒಂದು ಮೊಳೆ ಎರಕದ ಕಾರ್ಖಾನೆಗಾಗಿ 1953ರಲ್ಲಿ 'ಮಿಸ್ಟ್ರಾಲ್' ರೂಪಿಸಿದರು. ಮೂಲ ಅವರದೇ ಕೈಬರಹ. ಪ್ರತಿ ಅಕ್ಷರವೂ ಬೇರೆ ಬೇರೆ ಸೀಸದ ತುಂಡಿನ ಮೇಲಿದ್ದರೂ ಪಕ್ಕಪಕ್ಕ ಜೋಡಿಸಿದಾಗ ಕೂಡಕ್ಷರದಂತೆ ಒಂದಕ್ಕೊಂದು ಹೊಂದಿಕೊಳ್ಳಬೇಕು. ಇದಕ್ಕಾಗಿ ಅಕ್ಷರದ ಗೆರೆ ಒಳಬರುವ ಎತ್ತರ, ಹೊರಹೋಗುವ ಎತ್ತರ ಎರಡನ್ನೂ ಲೆಕ್ಕಹಾಕಿ ಕೂರಿಸಬೇಕಾಯಿತು. ಗಾಳಿಗೆ ತೂರಿದಂತೆ ಕಾಣುವ ಆ ಅಕ್ಷರದ ಹಿಂದೆ ಗಡಿಯಾರ ರಿಪೇರಿ ಮಾಡುವವನ ತಾಳ್ಮೆ ಇದೆ.

1990ರ ಆಸುಪಾಸಿನಲ್ಲಿ ನೆದರ್‌ಲ್ಯಾಂಡ್ಸ್‌ನ ಇಬ್ಬರು ತರುಣರು, ಎರಿಕ್ ವಾನ್ ಬ್ಲಾಕ್‌ಲಂಡ್ ಮತ್ತು ಜಸ್ಟ್ ವಾನ್ ರಾಸಮ್, ಇದಕ್ಕೆ ತಲೆಹರಟೆಯ ಉತ್ತರ ಕೊಟ್ಟರು. ಅವರ 'ಬಿಯೊವುಲ್ಫ್' ಫಾಂಟಿನಲ್ಲಿ ಅಕ್ಷರದ ಅಂಚಿನ ಬಿಂದುಗಳು ಪ್ರತಿ ಸಲ ಮುದ್ರಿಸುವಾಗ ತುಸು ಅತ್ತಿತ್ತ ಸರಿಯುತ್ತಿದ್ದವು. ಒಂದೇ ಪುಟದಲ್ಲಿ ಒಂದೇ ಅಕ್ಷರ ಎರಡು ಸಲ ಒಂದೇ ಥರ ಬರುತ್ತಿರಲಿಲ್ಲ. ಆಮೇಲೆ ತಮ್ಮ ಕೈಬರಹಗಳನ್ನೇ ಎರಡು ಫಾಂಟುಗಳಾಗಿಸಿ ಒಂದಕ್ಕೆ ಎರಿಕ್‌ನ ಬಲಗೈ, ಇನ್ನೊಂದಕ್ಕೆ ಜಸ್ಟ್‌ನ ಎಡಗೈ ಎಂಬರ್ಥದ ಹೆಸರಿಟ್ಟರು. ಎರಿಕ್ 1993ರಲ್ಲಿ ಮಾಡಿದ 'ಕಾಸ್ಮಿಕ್' ಫಾಂಟಿನಲ್ಲಿ ಪ್ರತಿ ಅಕ್ಷರಕ್ಕೂ ಮೂರು ರೂಪಗಳಿದ್ದು, ಅವು ಸರದಿಯ ಮೇಲೆ ಬರುತ್ತಿದ್ದವು. (ಈ ಜಸ್ಟ್, ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ ಗೀಡೊ ವಾನ್ ರಾಸಮ್ ಅವರ ತಮ್ಮ. ಆ ಮನೆಯಲ್ಲಿ ಸುಮ್ಮನೆ ಕೂರುವವರು ಯಾರೂ ಇರಲಿಲ್ಲವೇನೋ.)

ಇವತ್ತಿನ ಓಪನ್‌ಟೈಪ್ ಫಾಂಟುಗಳಲ್ಲಿ ಇಂಥ ಸರದಿಯನ್ನು ನಿಯಮವಾಗಿಯೇ ಬರೆದಿಡಬಹುದು: ಹಿಂದೆ ಇದೇ ಅಕ್ಷರ ಬಂದಿದ್ದರೆ ಈಗ ಎರಡನೇ ರೂಪ ಹಾಕು, ಪದದ ಕೊನೆಯಲ್ಲಿದ್ದರೆ ಬಾಲ ಉದ್ದ ಮಾಡು, ಹೀಗೆ. ಚೆನ್ನಾಗಿ ಮಾಡಿದ ಕೈಬರಹದ ಫಾಂಟಿಗೂ ಒಂದು ಸಂಜೆಯಲ್ಲಿ ಸ್ಕ್ಯಾನ್ ಮಾಡಿ ತುಂಬಿದ ಫಾಂಟಿಗೂ ವ್ಯತ್ಯಾಸ ಇಲ್ಲೇ ಇರುತ್ತದೆ.

ಕಾಮಿಕ್ ಸಾನ್ಸ್ ಈ ಕುಸ್ತಿಗೆ ಇಳಿಯಲೇ ಇಲ್ಲ. ಅದು ಯಾರೋ ಒಬ್ಬರ ಬರಹದಂತೆ ಕಾಣಲು ಹೊರಟಿಲ್ಲ. ವಿಚಿತ್ರ ಬಾಲ, ಗೀರು, ಮಸಿ ಕಲೆ ಯಾವುದೂ ಇಲ್ಲದೆ, ಮಾತಿನ ಧಾಟಿಯನ್ನಷ್ಟೇ ಸಡಿಲಿಸುತ್ತದೆ. ಅಕ್ಷರದಲ್ಲಿ ವೈಯಕ್ತಿಕ ಚಾಳಿ ಹೆಚ್ಚಿದಷ್ಟೂ ಅದು ಎರಡನೇ ಸಲ ಬಂದಾಗ ಸಿಕ್ಕಿಬೀಳುತ್ತದೆ. ಚಾಳಿ ಕಡಿಮೆಯಿದ್ದರೆ ಉದ್ದ ಪ್ಯಾರಾದಲ್ಲೂ ತಡೆದುಕೊಳ್ಳುತ್ತದೆ. ಕೈಬರಹದ ಫಾಂಟುಗಳನ್ನು ಹೀಗೆ ಎರಡು ಗುಂಪಾಗಿ ನೋಡುವುದು ನನಗೆ ಉಪಯುಕ್ತವೆನಿಸುತ್ತದೆ. ಒಂದು ಗುಂಪು ಯಾರೋ ಬರೆದರು ಎಂದು ನಂಬಿಸಹೊರಟಿದ್ದು, ಇನ್ನೊಂದು ಸುಮ್ಮನೆ ಸಲುಗೆಯಿಂದ ಮಾತಾಡುವುದು. ಬಳಕೆಯ ಪ್ರಶ್ನೆ ಬಂದಾಗ ಎರಡಕ್ಕೂ ಉತ್ತರ ಬೇರೆ.

ಬೈಗುಳ ಯಾಕೆ ಬಿತ್ತು?

2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಬೋಸಾನ್ ಕಣ ಸಿಕ್ಕ ಸುದ್ದಿಯನ್ನು ಜಗತ್ತಿಗೆ ಹೇಳುವಾಗ, ಅಟ್ಲಾಸ್ ಪ್ರಯೋಗದ ಮುಖ್ಯಸ್ಥೆ ಫಾಬಿಯೋಲಾ ಜನೋಟಿ ತಮ್ಮ ಸ್ಲೈಡುಗಳನ್ನು ಕಾಮಿಕ್ ಸಾನ್ಸ್‌ನಲ್ಲಿ ಮಾಡಿದ್ದರು. ದಶಕಗಳ ಹುಡುಕಾಟಕ್ಕೆ ಉತ್ತರ ಸಿಕ್ಕ ದಿನ ಇಂಟರ್‌ನೆಟ್ಟಿನ ಒಂದು ಭಾಗ ಅಕ್ಷರದ ಬಗ್ಗೆ ಕಿತ್ತಾಡಿತು. ಸರ್ನ್ 2014ರ ಏಪ್ರಿಲ್ 1ರಂದು ಇನ್ನು ಮುಂದೆ ತನ್ನ ಎಲ್ಲ ಬರಹವೂ ಕಾಮಿಕ್ ಸಾನ್ಸ್‌ನಲ್ಲೇ ಎಂದು ಪ್ರಕಟಿಸಿ ಆ ಜಗಳಕ್ಕೆ ತಕ್ಕ ಮರ್ಯಾದೆ ಮಾಡಿತು. ಅದಕ್ಕೂ ಮುಂಚೆ, 2010ರಲ್ಲಿ, ಬ್ಯಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಕ್ಲೀವ್‌ಲ್ಯಾಂಡ್ ತಂಡ ಬಿಟ್ಟಾಗ ತಂಡದ ಮಾಲೀಕ ಡ್ಯಾನ್ ಗಿಲ್ಬರ್ಟ್ ಕೆಂಡದಂಥ ಬಹಿರಂಗ ಪತ್ರ ಬರೆದರು. ಅದೂ ಇದೇ ಫಾಂಟಿನಲ್ಲಿ. ಸಿಟ್ಟಿನ ಅರ್ಧ ಬಿಸಿ ಅಕ್ಷರದಲ್ಲೇ ಆರಿಹೋಯಿತು.

ಈ ಎರಡು ಪ್ರಸಂಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಗಿಲ್ಬರ್ಟ್ ಪತ್ರದಲ್ಲಿ ಮಾತು ಒಂದು ಹೇಳುತ್ತಿತ್ತು, ಅಕ್ಷರ ಇನ್ನೊಂದು. ಅದು ನಿಜವಾದ ಎಡವಟ್ಟು. ಜನೋಟಿಯವರದು ಸಹೋದ್ಯೋಗಿಗಳ ಮುಂದೆ ಹಿಡಿದ ಸ್ಲೈಡುಗಳು. ಗ್ರಾಫುಗಳೇ ಅಲ್ಲಿನ ಜೀವಾಳ. ಅವರನ್ನು ಗೇಲಿ ಮಾಡಿದ್ದರಲ್ಲಿ ಅಕ್ಷರದ ಕಾಳಜಿಗಿಂತ ನಮಗೆ ಗೊತ್ತು, ನಿಮಗೆ ಗೊತ್ತಿಲ್ಲ ಎಂಬ ಜಂಬವೇ ಹೆಚ್ಚಿತ್ತೆಂದು ನನಗನ್ನಿಸುತ್ತದೆ. ಅಮೆರಿಕದ ಇಂಡಿಯಾನಾಪೊಲಿಸ್‌ನ ವಿನ್ಯಾಸಕ ದಂಪತಿ ಡೇವ್ ಮತ್ತು ಹಾಲಿ ಕೂಂಬ್ಸ್ ಈ ಫಾಂಟನ್ನು ನಿಷೇಧಿಸಿ ಎಂದು ನಡೆಸಿದ ಚಳವಳಿಯೂ ಹುಟ್ಟಿದ್ದು ಅರೆ ತಮಾಷೆಯಲ್ಲೇ. ಮಕ್ಕಳ ಮ್ಯೂಸಿಯಂ ಪ್ರದರ್ಶನವೊಂದಕ್ಕೆ ಅದನ್ನೇ ಬಳಸಿ ಎಂದು ಒತ್ತಾಯ ಬಂದಾಗ ಅವರಿಗೆ ಕಿರಿಕಿರಿಯಾಯಿತಂತೆ. ಮಕ್ಕಳ ಮ್ಯೂಸಿಯಂಗಲ್ಲದೆ ಇನ್ನೆಲ್ಲಿ ಬಳಸಬೇಕಿತ್ತು ಎಂದು ಇಂದು ಕೇಳಬಹುದು!

ಶಾಲೆಗಳಲ್ಲಿ ಈ ಫಾಂಟಿಗೆ ಬೇರೆಯೇ ಮರ್ಯಾದೆ. ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಓದುವ ತೊಡಕಿರುವವರಿಗೆ ಬರೆಯುವಾಗ ಏರಿಯಲ್ ಮತ್ತು ಕಾಮಿಕ್ ಸಾನ್ಸ್‌ನಂಥ ಫಾಂಟುಗಳನ್ನು ಸೂಚಿಸುತ್ತದೆ, ಅವುಗಳಲ್ಲಿ ಅಕ್ಷರಗಳು ಕಿಕ್ಕಿರಿದಂತೆ ಕಾಣುವುದಿಲ್ಲ ಎಂಬ ಕಾರಣಕ್ಕೆ. ಇಲ್ಲಿ ಫಾಂಟಿನ ಆಕಾರಕ್ಕೆ ಎಲ್ಲ ಶ್ರೇಯವನ್ನೂ ಕೊಡುವುದು ಆತುರವಾದೀತು. ಡಿಸ್ಲೆಕ್ಸಿಯಾ ಇರುವ ಇಟಾಲಿಯನ್ ಮತ್ತು ಫ್ರೆಂಚ್ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಕ್ಷರಗಳ ನಡುವಿನ ಅಂತರವನ್ನು ಹೆಚ್ಚಿಸಿದ್ದರಿಂದಲೇ ಓದು ಸುಧಾರಿಸಿತ್ತು. ಅಂದರೆ ಅಂತರ, ಗಾತ್ರ, ಸಾಲಿನ ಉದ್ದ ಇವನ್ನು ಮೊದಲು ಸರಿಮಾಡಿ, ಫಾಂಟಿನ ಹೆಸರು ಆಮೇಲೆ. ಓದಲು ಕಷ್ಟವಾಗುವ ಫಾಂಟಿನಲ್ಲಿ ಓದಿದರೆ ಪಾಠ ಚೆನ್ನಾಗಿ ನೆನಪಿರುತ್ತದೆ ಎಂಬ ಮಾತೂ ಆಗಾಗ ಹರಿದಾಡುತ್ತದೆ. ಅದಕ್ಕೆ ಆಧಾರವಾಗಿದ್ದ, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಕಾಮಿಕ್ ಸಾನ್ಸ್ ಕೂಡ ಇತ್ತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಆ ಫಲ ನಿಲ್ಲಲಿಲ್ಲ.

ಎಲ್ಲಿ ಸಲ್ಲುತ್ತದೆ

ಸಲುಗೆಯ ಫಾಂಟಿನ ಅತ್ಯುತ್ತಮ ಬಳಕೆ ಯಾವುದೆಂದು ಕೇಳಿದರೆ ನಾನು ಹುಟ್ಟುಹಬ್ಬದ ಕಾರ್ಡನ್ನು ಹೇಳುವುದಿಲ್ಲ, ಕರಡನ್ನು ಹೇಳುತ್ತೇನೆ. ಆ್ಯಪ್ ಒಂದರ ನೀಲನಕ್ಷೆಯನ್ನು ಮಟ್ಟಸವಾದ ಫಾಂಟಿನಲ್ಲಿ ತೋರಿಸಿದರೆ ಎದುರು ಕೂತವರು ಗುಂಡಿಯ ಬಣ್ಣದ ಬಗ್ಗೆ ಮಾತಾಡಲು ಶುರುಮಾಡುತ್ತಾರೆ. ಎಲ್ಲ ಮುಗಿದಿದೆ ಎಂದು ಅವರಿಗೆ ಅನ್ನಿಸಿರುತ್ತದೆ. ಅದನ್ನೇ ಕೈಯಲ್ಲಿ ಗೀಚಿದಂತೆ ತೋರಿಸಿದರೆ ಇನ್ನೂ ಬದಲಿಸಬಹುದು ಎಂಬ ಸೂಚನೆ ಹೋಗುತ್ತದೆ, ಮಾತು ಮುಖ್ಯ ವಿಷಯಕ್ಕೆ ಬರುತ್ತದೆ. ಬಾಲ್ಸಾಮಿಕ್, ಎಕ್ಸ್‌ಕ್ಯಾಲಿಡ್ರಾದಂಥ ಸಾಧನಗಳು ಗೆರೆಗಳನ್ನೂ ಅಕ್ಷರಗಳನ್ನೂ ಬೇಕೆಂದೇ ಸೊಟ್ಟಗೆ ಕೊಡುವುದು ಇದಕ್ಕೇ.

ಪಾಠದ ಚಿತ್ರಗಳ ಪಕ್ಕದ ಟಿಪ್ಪಣಿ, ನಕ್ಷೆಯ ಮೇಲೆ 'ಇಲ್ಲಿ ತಿರುಗಿ' ಎಂಬ ಬಾಣ, ಅಡುಗೆ ವಿಧಾನದ ಬದಿಯಲ್ಲಿ 'ಉಪ್ಪು ನೋಡಿಕೊಂಡು', ಕಾಮಿಕ್ಸ್ ಗುಳ್ಳೆ, ಅಂಗನವಾಡಿಯ ಗೋಡೆಪಟ, ಇಲ್ಲೆಲ್ಲ ಈ ಫಾಂಟುಗಳು ಹೊಂದುತ್ತವೆ. ಮುಖ್ಯ ಬರಹ ಒಂದು ದನಿಯಲ್ಲಿದ್ದು, ಪಕ್ಕದಿಂದ ಯಾರೋ ಮೆಲ್ಲಗೆ ಸೇರಿಸಿದ ಮಾತು ಇನ್ನೊಂದು ದನಿಯಲ್ಲಿರಬೇಕಾದಾಗ ಇವುಗಳಷ್ಟು ಚೆನ್ನಾಗಿ ಆ ಕೆಲಸ ಬೇರಾವುದೂ ಮಾಡದು. ನ್ಯಾಯಾಲಯದ ನೋಟಿಸು, ಔಷಧಿಯ ಪ್ರಮಾಣ, ಶ್ರದ್ಧಾಂಜಲಿ, ಬ್ಯಾಂಕಿನ ಎಚ್ಚರಿಕೆ ಇವುಗಳ ಹತ್ತಿರ ಸುಳಿಯಬಾರದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ತಕರಾರಿರುವುದು ಮೊದಲು ಹೇಳಿದ ಇನ್ನೊಂದು ಗುಂಪಿನ ಬಗ್ಗೆ, ಯಾರೋ ಬರೆದರು ಎಂದು ನಂಬಿಸುವವುಗಳ ಬಗ್ಗೆ. ಲಕೋಟೆಯ ಮೇಲೆ ನಿಮ್ಮ ಹೆಸರು ನೀಲಿ ಪೆನ್ನಿನಲ್ಲಿ ಬರೆದಂತಿರುತ್ತದೆ, ಒಡೆದರೆ ಸಾಲದ ಜಾಹೀರಾತು. ಚುನಾವಣೆ ಹೊತ್ತಿನಲ್ಲಿ ಬರುವ 'ಸ್ವಹಸ್ತಾಕ್ಷರದ' ಪತ್ರ ಬೀದಿಯ ಎಲ್ಲ ಮನೆಗೂ ಅದೇ ಬಾಲ ಬಳುಕಿಸಿಕೊಂಡು ಬಂದಿರುತ್ತದೆ. ಮದುವೆ ಕಾರ್ಡಿನಲ್ಲಿ ಬಳುಕುವ ಅಕ್ಷರ ಹಾಕಿದರೆ ಅದು ಅಲಂಕಾರವೆಂದು ಎಲ್ಲರಿಗೂ ಗೊತ್ತು, ಅದರಲ್ಲಿ ಮೋಸವಿಲ್ಲ. ಒಬ್ಬ ಮನುಷ್ಯ ಕೂತು ನಿಮಗಾಗಿ ಸಮಯ ಕೊಟ್ಟ ಎಂದು ಸುಳ್ಳು ಹೇಳಿಸಲು ಅಕ್ಷರವನ್ನು ಬಳಸಿದಾಗ ಮಾತ್ರ ಕಸಿವಿಸಿಯಾಗುತ್ತದೆ.

ಕನ್ನಡಕ್ಕೆ ಬಂದರೆ

ಕನ್ನಡದ ಮೊದಲ ಪತ್ರಿಕೆ ಎನ್ನಲಾಗುವ 'ಮಂಗಳೂರ ಸಮಾಚಾರ' ಓದುಗರ ಕೈಗೆ ಬಂದದ್ದು ಕೈಬರಹದ ರೂಪದಲ್ಲೇ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಅದನ್ನು ಕಲ್ಲಚ್ಚಿನಲ್ಲಿ ಹೊರತಂದರು. ಕಲ್ಲಚ್ಚಿಗೆ ಮೊಳೆ ಬೇಕಿಲ್ಲ. ಕೈಯಲ್ಲಿ ಬರೆದದ್ದೇ ಕಲ್ಲಿನ ಮೇಲೆ ಮೂಡಿ, ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. ಕನ್ನಡದ ಮೊಳೆಗಳು ಆಗಲೇ ಇದ್ದವು; ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲೇ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಗಿತ್ತು. ಪತ್ರಿಕೆ ಮರುವರ್ಷ ಬಳ್ಳಾರಿಗೆ ಹೋಗಿ ಮೊಳೆಯಲ್ಲಿ ಅಚ್ಚಾಗತೊಡಗಿತು. ಅಲ್ಲಿಂದ ಮುಂದೆ ಅಚ್ಚಿನ ಕನ್ನಡ ಒಂದು ದಾರಿ ಹಿಡಿಯಿತು, ಕೈಯ ಕನ್ನಡ ಇನ್ನೊಂದು. ಮುತ್ತು ಪೋಣಿಸಿದಂಥ ಬರಹವಿರಲಿ, ಕಾಗೆ ಕಾಲು ಗುಬ್ಬಿ ಕಾಲಿನ ಬರಹವಿರಲಿ, ಅದಕ್ಕೆ ಅಚ್ಚಿನಲ್ಲಿ ಜಾಗ ಸಿಕ್ಕಿದ್ದು ವ್ಯಂಗ್ಯಚಿತ್ರಗಳಲ್ಲಿ, ಸಿನಿಮಾ ಶೀರ್ಷಿಕೆಗಳಲ್ಲಿ, ಅಂಗಡಿಯ ಬೋರ್ಡುಗಳಲ್ಲಿ. ಅಲ್ಲೆಲ್ಲ ಫಾಂಟು ಬರುವ ಮೊದಲು ಕಲಾವಿದನ ಕೈಯೇ ಇತ್ತು.

ಕನ್ನಡದಲ್ಲಿ ಸಲುಗೆಯ ಫಾಂಟ್ ಮಾಡುವವರಿಗೆ ಮೊದಲ ತೊಡಕು ಎಲ್ಲರಿಗೂ ತಿಳಿದಿರುವ ಸಂಖ್ಯೆಯದು. ಇಂಗ್ಲಿಷಿಗೆ ಕೀಲಿಮಣೆಯ ಮೇಲೆ ಕಾಣುವಷ್ಟು, ನೂರರೊಳಗಿನ, ಆಕಾರ ಬಿಡಿಸಿದರೆ ಕೆಲಸಕ್ಕೆ ಬರುವ ಫಾಂಟ್ ಸಿದ್ಧ. ಕನ್ನಡದಲ್ಲಿ 34 ವ್ಯಂಜನಗಳಿಗೂ ಮೂಲರೂಪ, ಗುಡಿಸು ಹತ್ತಿದ ರೂಪ, ಅರ್ಧಾಕ್ಷರ, ಒತ್ತಕ್ಷರ ಎಂದು ಎಣಿಸುತ್ತ ಹೋದರೆ ನೂರನ್ನು ದಾಟಿ ಹಲವು ನೂರಕ್ಕೆ ಏರುತ್ತದೆ. ಇದರ ಮೇಲೆ 'ಕನಕ'ದ ಎರಡು 'ಕ'ಗಳಿಗೆ ಎರಡು ರೂಪ ಬೇಕೆಂದರೆ ಕೆಲಸ ದುಪ್ಪಟ್ಟು.

ಎರಡನೆಯದು ಇನ್ನೂ ಕುತೂಹಲದ್ದು. ಇಂಗ್ಲಿಷ್ ಅಕ್ಷರವನ್ನು ಸಲುಗೆಗೆ ಇಳಿಸಲು ಮೂಲೆಗಳನ್ನು ದುಂಡಾಗಿಸಿದರೆ ಅರ್ಧ ಕೆಲಸ ಆದಂತೆ. ಕನ್ನಡ ಮೊದಲೇ ದುಂಡು. ಅದನ್ನು ಇನ್ನಷ್ಟು ದುಂಡಾಗಿಸಿದರೆ ಯಾರಿಗೂ ವ್ಯತ್ಯಾಸ ತಿಳಿಯದು. ನಮ್ಮ ಕೈಬರಹದ ಗುರುತು ಇರುವುದು ಬೇರೆ ಕಡೆ. ತಲೆಕಟ್ಟನ್ನು ಕೆಲವರು ಟಿಕ್ ಹಾಕಿದಂತೆ ಎಳೆಯುತ್ತಾರೆ, ಕೆಲವರು ಅಕ್ಷರದ ಹೊಟ್ಟೆಯಿಂದ ಪೆನ್ನೆತ್ತದೆ ಮೇಲಕ್ಕೊಯ್ದು ಸುತ್ತುತ್ತಾರೆ. ಕೊಂಬು ಕೆಲವರದು ಗಿಡ್ಡ, ಕೆಲವರದು ಮುಂದಿನ ಅಕ್ಷರದ ಕೆಳಗೆ ನುಗ್ಗುತ್ತದೆ. ಕೆಲವು ಸುಳಿಗಳು ಮುಚ್ಚುವುದೇ ಇಲ್ಲ. ಕನ್ನಡದ ಸಲುಗೆಯನ್ನು ಹುಡುಕಬೇಕಾದ್ದು ಇಲ್ಲಿ, ಮೂಲೆಗಳಲ್ಲಲ್ಲ.

ಆದರೆ ಇಲ್ಲೇ ಅಪಾಯವೂ ಕೂತಿದೆ. 'ಪ' ಮತ್ತು ಹೊಟ್ಟೆ ಸೀಳಿದ 'ಷ'ಕ್ಕೆ, 'ದ' ಮತ್ತು 'ಧ'ಕ್ಕೆ, 'ಡ' ಮತ್ತು 'ಢ'ಕ್ಕೆ ಇರುವ ವ್ಯತ್ಯಾಸ ಒಂದು ಪುಟ್ಟ ಗೀಟು. ಕೈಬರಹದಲ್ಲಿ ನಾವು ಅದನ್ನು ತೇಲಿಸಿ ಬರೆದರೂ ಓದುವವರು ಊಹಿಸಿಕೊಳ್ಳುತ್ತಾರೆ. ಫಾಂಟಿನಲ್ಲಿ ತೇಲಿಸಿದರೆ, ಅದೂ ಮೊಬೈಲಿನ ಸಣ್ಣ ಗಾತ್ರದಲ್ಲಿ, 'ಧನ' ದನವಾಗಿಬಿಡುತ್ತದೆ. ಇಂಗ್ಲಿಷ್ ಫಾಂಟಿನಲ್ಲಿ ಅಕ್ಷರಗಳನ್ನು ಸಾಲಿನ ಮೇಲೆ ಕೆಳಗೆ ಕುಣಿಸಬಹುದು. ಕನ್ನಡದಲ್ಲಿ ಕೆಳಗಿನ ಜಾಗ ಒತ್ತಕ್ಷರಕ್ಕೆ ಮೀಸಲು. ಅಲ್ಲಿಗೆ ಇಳಿದ ಅಕ್ಷರ ಒತ್ತೋ ಅಕ್ಷರವೋ ಎಂದು ಕಣ್ಣು ಗೊಂದಲಕ್ಕೆ ಬೀಳುತ್ತದೆ. ಅರ್ಕಾವತ್ತು ಸಡಿಲವಾದರೆ ಕನ್ನಡದ ಒಂಬತ್ತರಂತೆ ಕಾಣತೊಡಗುತ್ತದೆ.

'ಬರಹ', 'ನುಡಿ', ಶ್ರೀಲಿಪಿಯಂಥ ಕನ್ನಡ ತಂತ್ರಾಂಶಗಳ ಹಳೆಯ ಕಡತಗಳಲ್ಲಿ ಫಾಂಟ್ ಬದಲಿಸಲು ಹೋದವರಿಗೆ ಇನ್ನೊಂದು ಬಗೆಯ ಆಘಾತ ಗೊತ್ತಿರುತ್ತದೆ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಏರ್ಪಾಟಿಗೆ ಮುಂಚಿನ ಆ ಫಾಂಟುಗಳಲ್ಲಿ ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದ್ದರು. ಅಂಥ ಬರಹಕ್ಕೆ ಕಾಮಿಕ್ ಸಾನ್ಸ್ ಹಚ್ಚಿದರೆ ಆ ಮನೆಗಳ ಮೂಲ ನಿವಾಸಿಗಳು ಹೊರಬಂದು ಪುಟವೆಲ್ಲ ಬ್ರಹ್ಮಲಿಪಿಯಾಗುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಅಂದಚೆಂದ.

ಯೂನಿಕೋಡಿನಲ್ಲಿ ಈಗ ಆಯ್ಕೆಗಳಿವೆ, ಧಾರಾಳವಾಗಿ ಅಲ್ಲದಿದ್ದರೂ. ಲಿನಕ್ಸ್ ಬಳಸುವವರಿಗೆ, ಅದರ ಒಂದು ಬಗೆಯಾದ ಡೆಬಿಯನ್‌ನ ತಂತ್ರಾಂಶ ಭಂಡಾರದಲ್ಲೇ ಸಿಗುವ 'ನವಿಲು' ಕನ್ನಡದ ಕೈಬರಹದ ಫಾಂಟ್. ಗೂಗಲ್ ಫಾಂಟ್ಸ್‌ನಲ್ಲಿ ಎರಿನ್ ಮೆಕ್‌ಲಾಫ್ಲಿನ್ ರೂಪಿಸಿದ 'ಹುಬ್ಬಳ್ಳಿ' ಇದೆ. ಒಂದೇ ದಪ್ಪದ ಗೆರೆಯ, ಅನೌಪಚಾರಿಕ ಧಾಟಿಯ ಅಕ್ಷರ. ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಕೈ ಇರುವುದರಿಂದ ಮಿಶ್ರ ಸಾಲುಗಳಲ್ಲಿ ಎರಡೂ ಒಂದೇ ದನಿಯಲ್ಲಿ ಮಾತಾಡುತ್ತವೆ. ಮುಂಬಯಿಯ ಏಕ್ ಟೈಪ್ ತಂಡದ 'ಬಲೂ ತಮ್ಮ' ಕೈಬರಹವಲ್ಲ, ಆದರೆ ದಪ್ಪಗೆ ನಗುಮುಖದ್ದು. ಪೋಸ್ಟರಿನ ತಲೆಬರಹಕ್ಕೆ ಸೊಗಸು, ಪ್ಯಾರಾಗೆ ಉಸಿರುಕಟ್ಟು.

ಯಾವುದನ್ನೇ ಆರಿಸಿಕೊಳ್ಳಿ, ಒಪ್ಪಿಕೊಳ್ಳುವ ಮೊದಲು ರಾಷ್ಟ್ರ, ಸ್ತ್ರೀ, ಕೀರ್ತಿ, ಮೌಲ್ಯ, ಢಕ್ಕೆ, ಷಷ್ಠಿ, ವೈಶಿಷ್ಟ್ಯ ಇಷ್ಟನ್ನು ನೀವು ನಿಜಕ್ಕೂ ಬಳಸುವ ಗಾತ್ರದಲ್ಲಿ, ಎರಡು ಸಾಲಾಗಿ ಟೈಪ್ ಮಾಡಿ ನೋಡಿ. ಒತ್ತಿನ ಕೆಳಗೆ ಇನ್ನೊಂದು ಒತ್ತು ಬಂದಾಗ ಅದು ಕೆಳಸಾಲಿನ ತಲೆಕಟ್ಟಿಗೆ ತಾಗುತ್ತಿದ್ದರೆ ಸಾಲುಗಳ ಅಂತರವನ್ನು ಒಂದೂವರೆ ಪಟ್ಟಿಗಿಂತ ಹೆಚ್ಚಿಸಿ. ದೀರ್ಘದ ಚಿಹ್ನೆ ತನ್ನ ಅಕ್ಷರ ಬಿಟ್ಟು ದೂರ ಹೋಗುತ್ತಿದ್ದರೆ, 'ಷ'ದ ಹೊಟ್ಟೆ ಸೀಳಿದ್ದು ಮೊಬೈಲಿನಲ್ಲಿ ಕಾಣದಿದ್ದರೆ, ಆ ಫಾಂಟನ್ನು ಶೀರ್ಷಿಕೆಯ ಎರಡು ಪದಕ್ಕೆ ಇಟ್ಟುಕೊಂಡು ಉಳಿದದ್ದಕ್ಕೆ ಮಾಮೂಲಿ ಫಾಂಟನ್ನೇ ಬಳಸಿ.